ಬೆಂಗಳೂರಿನಲ್ಲಿ ಜಾಝ್ ನುಡಿಸಿ ಬಾಡಿಗೆ ಕಟ್ಟುವುದು ಹೇಗೆ

ಬೆಂಗಳೂರಿನಲ್ಲಿ ಜಾಝ್ ಕೇಳುವವರಿದ್ದಾರೆ, ಕಲಿಯುವವರಿದ್ದಾರೆ, ಬಹಳ ಚೆನ್ನಾಗಿ ನುಡಿಸುವವರೂ ಇದ್ದಾರೆ. ವಾರವಿಡೀ ಜಾಝ್ ಒಂದನ್ನೇ ನಂಬಿಕೊಂಡು ನಡೆಯುವ ಹತ್ತಾರು ಕ್ಲಬ್‌ಗಳು ಮಾತ್ರ ಇಲ್ಲ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಲ್ಲಿ ಕೂತು ಕೇಳಲೆಂದೇ ಕಟ್ಟಿದ ಜಾಝ್ ಥಿಯೇಟರ್ ಇದೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಗೊಯಥೆ ಇನ್‌ಸ್ಟಿಟ್ಯೂಟ್, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಛೇರಿ ಸಿಗುತ್ತದೆ. ಉಳಿದ ಕೆಲಸವೆಲ್ಲ ಹೋಟೆಲ್ ಲಾಬಿ, ಭಾನುವಾರದ ಬ್ರಂಚ್, ಮೈಕ್ರೋಬ್ರೂವರಿ, ಕಂಪನಿ ಪಾರ್ಟಿ ಮತ್ತು ಮದುವೆ ಆರತಕ್ಷತೆಗಳಲ್ಲಿ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಪಿಯಾನೋ ಮ್ಯಾನ್‌ನಂಥ ಕ್ಲಬ್ ನಮ್ಮ ಬೀದಿಗೂ ಬರಲಿ ಎಂದು ಕಾಯುತ್ತ ಕೂತವರು ಕೊನೆಗೆ ಬೇರೆ ಕೆಲಸ ಹಿಡಿದಿದ್ದಾರೆ. ಮೆಲ್ಲಗೆ ನುಡಿಸಬಲ್ಲ, ಪ್ರತಿ ವಾರ ಅದೇ ಗುಣಮಟ್ಟ ಕೊಡಬಲ್ಲ, ಷರತ್ತುಗಳನ್ನು ಬರಹದಲ್ಲಿ ಇಡಬಲ್ಲ ಚಿಕ್ಕ ತಂಡಗಳು ಉಳಿದುಕೊಂಡಿವೆ. ಅಂಥ ತಂಡವೊಂದನ್ನು ಕಟ್ಟಿ ನಡೆಸುವ ಬಗೆ ಇಲ್ಲಿದೆ.

ಮೂವರು, ಮತ್ತು ಅವರ ಹಿಂದೆ ಆರು ಜನ

ಟ್ರಯೋದಿಂದ ಶುರುಮಾಡಿ. ಪಿಯಾನೋ ಅಥವಾ ಗಿಟಾರ್, ಬೇಸ್, ಡ್ರಮ್ಸ್. ಗಾಯಕರನ್ನೋ ಸ್ಯಾಕ್ಸೋಫೋನ್ ನುಡಿಸುವವರನ್ನೋ ನಾಲ್ಕನೆಯವರಾಗಿ ಸೇರಿಸುವ ಅವಕಾಶ ಇರಲಿ, ಆದರೆ ಅವರ ದರವನ್ನು ಬೇರೆ ಸಾಲಿನಲ್ಲಿ ಹೇಳಿ. ಐದಾರು ಜನರ ತಂಡಕ್ಕೆ ರೆಸ್ಟೋರೆಂಟ್ ಕೊಡುವ ಹಣ ಮೂವರ ತಂಡಕ್ಕಿಂತ ಅಷ್ಟೇನೂ ಹೆಚ್ಚಿರುವುದಿಲ್ಲ. ಹಂಚಿಕೆಯಲ್ಲಿ ಎಲ್ಲರಿಗೂ ಕಡಿಮೆ ಬರುತ್ತದೆ, ಮೂರನೆಯ ತಿಂಗಳಿಗೆ ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ತಂಡಗಳು ಒಡೆಯಲು ಜಗಳಕ್ಕಿಂತ ಈ ಲೆಕ್ಕವೇ ಹೆಚ್ಚು ಕಾರಣ.

ಪ್ರತಿ ವಾದ್ಯಕ್ಕೂ ಇಬ್ಬರು ಬದಲಿ ವಾದಕರನ್ನು, ಅಂದರೆ ಸಬ್‌ಗಳನ್ನು, ಮೊದಲೇ ಗೊತ್ತುಮಾಡಿಕೊಳ್ಳಿ. ಊರಿನಲ್ಲಿ ಜಾಝ್ ಬೇಸ್ ನುಡಿಸುವವರು ಕಡಿಮೆ, ಒಬ್ಬರೇ ನಾಲ್ಕೈದು ತಂಡಗಳಲ್ಲಿ ಇರುತ್ತಾರೆ. ಡಿಸೆಂಬರ್ 20ರ ನಂತರ ಬೇಸ್ ವಾದಕರನ್ನು ಹುಡುಕಲು ಹೊರಟರೆ ಸಿಗುವುದಿಲ್ಲ. ಸಬ್ ಬಂದಾಗ ರಿಹರ್ಸಲ್ ಇಲ್ಲದೆ ನುಡಿಸಲು ಸಾಧ್ಯವಾಗಬೇಕಾದರೆ ಎಲ್ಲ ಚಾರ್ಟ್‌ಗಳೂ (ಹಾಡಿನ ನಕ್ಷೆ ಬರೆದ ಹಾಳೆಗಳು) ಒಂದೇ ಕಡೆ, ಒಂದೇ ರೂಪದಲ್ಲಿ ಇರಬೇಕು. ಐರಿಯಲ್ ಪ್ರೋ ಎಂಬ ಆ್ಯಪ್‌ನಲ್ಲಿ ತಂಡದ ಹೆಸರಿನಲ್ಲಿ ಒಂದು ಪ್ಲೇಲಿಸ್ಟ್ ಮಾಡಿ ಹಂಚಿಡಿ. ಆ್ಯಪ್‌ನಲ್ಲಿ ಸ್ವರಮೇಳದ ಕಾರ್ಡ್‌ಗಳು ಮಾತ್ರ ಇರುತ್ತವೆ, ಮೆಲಡಿ ಇರುವುದಿಲ್ಲ. ಪರಿಚಯಭಾಗ, ಮುಕ್ತಾಯ, ಹಿಟ್‌ಗಳು (ಎಲ್ಲರೂ ಒಟ್ಟಿಗೆ ಕೊಡುವ ಪೆಟ್ಟುಗಳು) ಇರುವ ಹಾಡುಗಳಿಗೆ ಒಂದು ಪುಟದ ಪಿಡಿಎಫ್ ಬರೆದಿಡಿ. ಎರಡು ಪುಟವಾದರೆ ಬೇಡ, ಬ್ರಂಚ್ ನಡೆಯುವ ಟೆರೇಸ್‌ನಲ್ಲಿ ಗಾಳಿಗೆ ಎರಡನೇ ಪುಟ ಹಾರಿಹೋಗುತ್ತದೆ.

ಸನ್ನೆಗಳನ್ನೂ ಮೊದಲೇ ಒಪ್ಪಿಕೊಳ್ಳಿ. ಮುಷ್ಟಿಯಿಂದ ತಲೆ ಮುಟ್ಟಿಕೊಂಡರೆ ಹೆಡ್‌ಗೆ, ಅಂದರೆ ಹಾಡಿನ ಮೂಲ ಮೆಲಡಿಗೆ, ವಾಪಸ್. ನಾಲ್ಕು ಬೆರಳು ತೋರಿಸಿದರೆ ಡ್ರಮ್ಸ್ ಜೊತೆ ನಾಲ್ಕು ನಾಲ್ಕು ಬಾರ್ (ತಾಳದ ಒಂದೊಂದು ಅಳತೆ) ಹಂಚಿಕೆ. ಕೀ, ಅಂದರೆ ಹಾಡಿನ ಶ್ರುತಿ, ಹೇಳುವಾಗ ಮೇಲ್ಮುಖ ಬೆರಳು ಆ ಕೀಯಲ್ಲಿರುವ ಶಾರ್ಪ್‌ಗಳ ಸಂಖ್ಯೆ, ಕೆಳಮುಖ ಬೆರಳು ಫ್ಲಾಟ್‌ಗಳ ಸಂಖ್ಯೆ: ಎರಡು ಬೆರಳು ಕೆಳಗೆ ಅಂದರೆ ಎರಡು ಫ್ಲಾಟ್ ಇರುವ ಬಿ ಫ್ಲಾಟ್ ಕೀ. ಗದ್ದಲದ ಕೋಣೆಯಲ್ಲಿ ಕೂಗಿ ಹೇಳುವುದಕ್ಕಿಂತ ಇದು ಬೇಗ ತಲುಪುತ್ತದೆ, ನೋಡುವವರಿಗೂ ತಂಡ ಸಿದ್ಧವಾಗಿ ಬಂದಿದೆ ಎನಿಸುತ್ತದೆ.

ಮೂವತ್ತು ಹಾಡು

ಊರಿನ ಸಾಮಾನ್ಯ ಗಿಗ್ (ಸಂಭಾವನೆಗೆ ನುಡಿಸುವ ಕಾರ್ಯಕ್ರಮ) ಎಂದರೆ 45 ನಿಮಿಷದ ಮೂರು ಸೆಟ್, ನಡುವೆ 15 ನಿಮಿಷದ ಎರಡು ವಿರಾಮ. 32 ಬಾರ್‌ಗಳ ಹಾಡು ನಿಮಿಷಕ್ಕೆ 140 ಮಾತ್ರೆಯ ಲಯದಲ್ಲಿ ಒಂದು ಸುತ್ತು ಮುಗಿಯಲು 55 ಸೆಕೆಂಡು ಹಿಡಿಯುತ್ತದೆ. ಹೆಡ್ ಒಂದು, ಪಿಯಾನೋ ಸೋಲೊ ಮೂರು ಸುತ್ತು, ಬೇಸ್ ಒಂದು, ಡ್ರಮ್ಸ್ ಹಂಚಿಕೆ ಒಂದು, ಮತ್ತೆ ಹೆಡ್ ಒಂದು. ಒಟ್ಟು ಏಳು ಸುತ್ತು, ಸುಮಾರು ಆರೂವರೆ ನಿಮಿಷ. ಅಂದರೆ ಸೆಟ್‌ಗೆ ಏಳು ಹಾಡು, ರಾತ್ರಿಗೆ 21. ಕೋಣೆಯ ಮನಸ್ಸು ನೋಡಿ ಬದಲಾಯಿಸಲು ಒಂಬತ್ತು ಹೆಚ್ಚುವರಿ. ಹೀಗೆ ಮೂವತ್ತು.

ಆ ಮೂವತ್ತರಲ್ಲಿ ಹತ್ತು ಮಧ್ಯಮ ಗತಿಯ ಸ್ವಿಂಗ್, ಆರು ಬೋಸಾ (ಬ್ರೆಜಿಲ್ ಶೈಲಿಯ ಹಾಡು), ಐದು ಬ್ಯಾಲಡ್, ನಾಲ್ಕು ಬ್ಲೂಸ್ (ಎಫ್, ಬಿ ಫ್ಲಾಟ್, ಜೊತೆಗೆ ಸಿ ಮೈನರ್ ಇರಲೇಬೇಕು), ಎರಡು ವಾಲ್ಟ್ಸ್, ಒಂದು ರಿದಮ್ ಚೇಂಜಸ್ (‘ಐ ಗಾಟ್ ರಿದಮ್’ ಹಾಡಿನ ಕಾರ್ಡ್‌ಗಳ ಮೇಲೆ ಕಟ್ಟಿದ ಹಾಡು), ಎರಡು ಸ್ವಂತ ರಚನೆ ಇದ್ದರೆ ಯಾವ ಕೋಣೆಯಲ್ಲೂ ನಡೆಯುತ್ತದೆ. ಅತಿ ವೇಗದ ಹಾಡುಗಳನ್ನು ಊಟದ ಜಾಗಕ್ಕೆ ಒಯ್ಯಬೇಡಿ. 240 ದಾಟಿದರೆ ಡ್ರಮ್ಸ್ ತಾನಾಗಿಯೇ ಜೋರಾಗುತ್ತದೆ, ಮ್ಯಾನೇಜರ್ ನಿಮ್ಮತ್ತ ನಡೆದು ಬರುತ್ತಾರೆ.

ಹಾಡುವವರಿದ್ದರೆ ಪ್ರತಿ ಹಾಡಿನ ಕೀಯನ್ನು ಅವರ ಕಂಠಕ್ಕೆ ಹೊಂದಿಸಿ ಪ್ಲೇಲಿಸ್ಟ್‌ನಲ್ಲಿ ಪ್ರತ್ಯೇಕವಾಗಿ ಉಳಿಸಿ. ಮಹಿಳಾ ಕಂಠಕ್ಕೆ ವಾದ್ಯದ ಮೂಲ ಕೀಗಿಂತ ನಾಲ್ಕೈದು ಸೆಮಿಟೋನ್ ಆಚೀಚೆ ಹೋಗಬೇಕಾಗುವುದು ಸಾಮಾನ್ಯ. ‘ಅಲ್ಲೇ ನೋಡಿಕೊಳ್ಳೋಣ’ ಎಂದಾಗ ತಪ್ಪುವುದು ಬ್ರಿಡ್ಜ್‌ನಲ್ಲಿ, ಅಂದರೆ ಹಾಡಿನ ನಡುಭಾಗದಲ್ಲಿ.

ಆರತಕ್ಷತೆಯಲ್ಲಿ ಕನ್ನಡ ಹಾಡು ಕೇಳುವವರು ಸಿಕ್ಕೇ ಸಿಗುತ್ತಾರೆ. ಇದನ್ನು ಹೊರೆ ಎಂದುಕೊಳ್ಳಬೇಕಿಲ್ಲ. 1970ರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಬೋಸಾಗೆ, ನಿಧಾನ ಸ್ವಿಂಗ್‌ಗೆ ಸೊಗಸಾಗಿ ಒಗ್ಗುವ ಮೆಲಡಿಗಳು ಧಾರಾಳವಾಗಿವೆ. ನಾಲ್ಕನ್ನು ಆರಿಸಿ, ಕಾರ್ಡ್‌ಗಳನ್ನು ಹೊಸದಾಗಿ ಕೂರಿಸಿ, ಸೋಲೊ ಸುತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಚಾರ್ಟ್‌ನಲ್ಲಿ ಗುರುತಿಸಿ. ಚಿತ್ರಗೀತೆಗಳಲ್ಲಿ ಪಲ್ಲವಿ, ಬಿಜಿಎಂ, ಚರಣಗಳ ಅಳತೆ 32 ಬಾರ್‌ಗೆ ಸರಿಯಾಗಿ ಕೂರುವುದಿಲ್ಲ. ಸೋಲೊಗೆ ಚರಣವನ್ನಷ್ಟೇ ತೆಗೆದುಕೊಳ್ಳುವುದು ಸುರಕ್ಷಿತ.

ಮೆಲ್ಲಗೆ ನುಡಿಸುವ ಕಸುಬು

ಗಿಗ್ ಕಳೆದುಕೊಳ್ಳಲು ಮೊದಲ ಕಾರಣ ಸದ್ದು. ಊಟದ ಮೇಜಿನ ಮಾತು 60ರಿಂದ 65 ಡೆಸಿಬೆಲ್. ಹತ್ತಿರದ ಮೇಜಿನಲ್ಲಿ ತಂಡದ ಸದ್ದು 70ರಿಂದ 75ರ ನಡುವೆ ಇದ್ದರೆ ಸಂಗೀತವೂ ಕೇಳುತ್ತದೆ, ಮಾತೂ ನಡೆಯುತ್ತದೆ. 80 ದಾಟಿದಾಗ ಜನ ದನಿ ಏರಿಸುತ್ತಾರೆ, ಅವರನ್ನು ಮೀರಲು ತಂಡ ಏರಿಸುತ್ತದೆ, ಎರಡನೇ ಸೆಟ್‌ನ ಹೊತ್ತಿಗೆ ಯಾರಿಗೂ ಏನೂ ಕೇಳಿಸದು. ಫೋನ್‌ನ ಮೀಟರ್ ಆ್ಯಪ್ ನಿಖರವಲ್ಲ, ಆದರೆ ಮೊದಲ ಸೆಟ್‌ಗೂ ಎರಡನೆಯದಕ್ಕೂ ಎಷ್ಟು ಏರಿತು ಎಂದು ತಿಳಿಯಲು ಸಾಕು.

ಡ್ರಮ್ಸ್‌ಗೆ 18 ಇಂಚಿನ ಬೇಸ್ ಡ್ರಮ್, 14 ಇಂಚಿನ ಸ್ನೇರ್, ಒಂದು ಫ್ಲೋರ್ ಟಾಮ್, ಹೈ-ಹ್ಯಾಟ್, 20 ಇಂಚಿನ ತೆಳು ರೈಡ್. ಇಷ್ಟೇ ಸಾಕು, ಆಟೋ ಬದಲು ಚಿಕ್ಕ ಕಾರಿನ ಹಿಂಬದಿಯಲ್ಲಿ ಹಿಡಿಯುತ್ತದೆ. ಬ್ರಷ್ (ಕೋಲಿನ ಬದಲು ಮೆಲ್ಲಗೆ ನುಡಿಸಲು ಬಳಸುವ ತಂತಿಯ ಕುಂಚ) ಮೇಲೆ ಹಿಡಿತವಿಲ್ಲದ ಡ್ರಮ್ಮರ್ ಜೊತೆ ಹೋಟೆಲ್ ಗಿಗ್ ಒಪ್ಪಿಕೊಳ್ಳಬೇಡಿ. 6 ಅಡಿಗೆ 4 ಅಡಿಯ ಹಳೇ ಕಾರ್ಪೆಟ್ ಒಂದು ಜೊತೆಗಿರಲಿ. ಗ್ರಾನೈಟ್ ನೆಲದಲ್ಲಿ ಬೇಸ್ ಡ್ರಮ್ ಮುಂದಕ್ಕೆ ಜಾರುತ್ತಲೇ ಇರುತ್ತದೆ, ನಮ್ಮ ಹೋಟೆಲ್‌ಗಳ ನೆಲ ಬಹುತೇಕ ಗ್ರಾನೈಟೇ.

ಗಾಜಿನ ಗೋಡೆ, ಕಾಂಕ್ರೀಟ್ ಚಾವಣಿಯ ಮೈಕ್ರೋಬ್ರೂವರಿಗಳಲ್ಲಿ 80ರಿಂದ 125 ಹರ್ಟ್ಸ್ ನಡುವಿನ ಬೇಸ್ ಗುಂಯ್ ಎಂದು ಉಬ್ಬುತ್ತದೆ. ಆ್ಯಂಪನ್ನು ನೆಲದಿಂದ ಎತ್ತಿ ಸ್ಟೂಲ್ ಮೇಲೆ ಇಡಿ, ಮೂಲೆಯಿಂದ ಒಂದು ಮೀಟರ್ ದೂರ ಸರಿಸಿ, 100ರ ಸುತ್ತ ಮೂರ್ನಾಲ್ಕು ಡೆಸಿಬೆಲ್ ಇಳಿಸಿ. ಹೀಗೆ ಮಾಡಿದರೆ ವಾಲ್ಯೂಮ್ ಏರಿಸದೆಯೇ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಡಬಲ್ ಬೇಸ್ ಇಲ್ಲದಿದ್ದರೆ ಬೇಸ್ ಗಿಟಾರ್‌ಗೆ ಫ್ಲ್ಯಾಟ್‌ವೂಂಡ್, ಅಂದರೆ ನುಣುಪು ಮೈಯ, ತಂತಿ ಹಾಕಿ. ಡಬಲ್ ಬೇಸ್ ಇರುವವರು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಎಚ್ಚರವಾಗಿರಬೇಕು. ಒಣಹವೆಗೆ ಎಸಿ ಕೋಣೆಯೂ ಸೇರಿದರೆ ಅಂಟಿಸಿದ ಅಂಚು ಬಿಡುತ್ತದೆ. ಕೋಣೆಯ ತೇವಾಂಶ 45ರಿಂದ 55 ಶೇಕಡಾ ಇರುವಂತೆ ನೋಡಿಕೊಳ್ಳಿ.

ಸರಿಯಾಗಿ ಶ್ರುತಿ ಮಾಡಿದ ಪಿಯಾನೋ ಇರುವ ಜಾಗಗಳು ಬೆರಳೆಣಿಕೆ. ಇದೆ ಎಂದು ಹೇಳಿದರೆ ಮುಂಚಿನ ದಿನವೇ ಹೋಗಿ ಟ್ಯೂನರ್ ಹಿಡಿದು ನೋಡಿ. ಮಾನಕ ಶ್ರುತಿಯಾದ 440 ಹರ್ಟ್ಸ್‌ಗಿಂತ ಕೆಳಗೆ ಇಳಿದಿದ್ದರೆ ಸ್ಯಾಕ್ಸೋಫೋನ್ ಮೌತ್‌ಪೀಸ್ ಹೊರಗೆಳೆದು ಹೊಂದಿಸಿಕೊಳ್ಳಬಹುದು, ಆದರೆ ತಂತಿಗಳು ತಮ್ಮತಮ್ಮಲ್ಲೇ ಹೊಂದದಿದ್ದರೆ ಕೀಬೋರ್ಡೇ ವಾಸಿ. 88 ತೂಕದ ಕೀಗಳ, 11-12 ಕೆಜಿಯ ಕೀಬೋರ್ಡ್ ಒಬ್ಬರೇ ಹೊರಬಹುದು. ಸಸ್ಟೇನ್ ಪೆಡಲ್ ತಿರುಗುಮುರುಗಾಗಿ ಕೆಲಸ ಮಾಡಿದರೆ ಗಾಬರಿಯಾಗಬೇಡಿ. ಆನ್ ಆಗುವ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಹಲವು ಕೀಬೋರ್ಡ್‌ಗಳು ಅದರ ದಿಕ್ಕನ್ನು ತೀರ್ಮಾನಿಸುತ್ತವೆ. ಆಫ್ ಮಾಡಿ, ಪೆಡಲ್ ಸಿಕ್ಕಿಸಿ, ಕಾಲು ತೆಗೆದು ಆನ್ ಮಾಡಿ.

ಕರೆಂಟ್ ವಿಚಾರಕ್ಕೆ ಇನ್ನೂ ಹೆಚ್ಚು ಗಮನ ಬೇಕು. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವ ಕೆಲವೇ ಸೆಕೆಂಡುಗಳಲ್ಲಿ ಕೀಬೋರ್ಡ್ ಆಫ್ ಆಗಿ ಸೌಂಡ್ ಸೆಟ್ಟಿಂಗ್ ಮರೆತುಬಿಡುತ್ತದೆ, ಡಿಜಿಟಲ್ ಮಿಕ್ಸರ್ ಮತ್ತೆ ಏಳಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಕಂಪ್ಯೂಟರ್‌ಗೆ ಇಡುವ 600 ವಿಎ ಯುಪಿಎಸ್ ಒಂದನ್ನು ಕೀಬೋರ್ಡ್ ಮತ್ತು ಮಿಕ್ಸರ್‌ಗೆ ಮಾತ್ರ ಕೊಡಿ. ಸ್ಪೀಕರ್‌ಗಳನ್ನು ಅದಕ್ಕೆ ಜೋಡಿಸಬೇಡಿ, ಓವರ್‌ಲೋಡ್ ಆಗಿ ಎಲ್ಲವೂ ಒಟ್ಟಿಗೆ ಹೋಗುತ್ತದೆ. ವೇದಿಕೆ ಬಳಿ ಕೆಲವೊಮ್ಮೆ 16 ಆಂಪಿಯರ್ ಸಾಕೆಟ್ ಮಾತ್ರ ಇರುತ್ತದೆ, ಆದ್ದರಿಂದ 6 ಆಂಪಿಯರ್‌ಗೆ ಇಳಿಸುವ ಕನ್ವರ್ಟರ್ ಮತ್ತು 10 ಮೀಟರ್ ಉದ್ದದ ಮೂರು ಪಿನ್‌ನ ಎಕ್ಸ್‌ಟೆನ್ಷನ್ ಚೀಲದಲ್ಲಿ ಸದಾ ಇರಲಿ. ಬಾರ್‌ನ ಬ್ಲೆಂಡರ್, ಫ್ರಿಜ್ ಇರುವ ಲೈನಿನಿಂದ ಕರೆಂಟ್ ತೆಗೆದುಕೊಂಡರೆ ಪ್ರತಿ ಕಾಕ್‌ಟೇಲ್‌ಗೂ ಸ್ಪೀಕರ್‌ನಲ್ಲಿ ಕರಕರ ಸದ್ದು. ಸ್ಪೀಕರ್‌ನಲ್ಲಿ ಒಂದೇ ಸಮ ಹಮ್ ಸದ್ದು ಬಂದರೆ ಡಿಐ ಬಾಕ್ಸ್‌ನ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಅರ್ಥ್ ಇಲ್ಲದ ಆ್ಯಂಪ್‌ಗೆ ಜೋಡಿಸಿದ ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯಬಹುದು, ಪ್ರಾಣವೇ ಹೋಗಬಹುದು. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ.

ಜಾಗ ಕೇಳುವುದು

ಶುಕ್ರವಾರ, ಶನಿವಾರ ಕೇಳಬೇಡಿ. ಆ ದಿನ ಅವರಿಗೆ ಜನ ಹೇಗೂ ಬರುತ್ತಾರೆ, ಡಿಜೆ ಇರುತ್ತಾರೆ. ಮಂಗಳವಾರ ಅಥವಾ ಬುಧವಾರ ಕೇಳಿ, ಅದೂ ಒಂದು ರಾತ್ರಿಗಲ್ಲ, ಎಂಟು ವಾರಕ್ಕೆ. ಜನರಿಗೆ ‘ಬುಧವಾರ ಅಲ್ಲಿ ಜಾಝ್ ಇರುತ್ತದೆ’ ಎಂದು ಗೊತ್ತಾಗಲು ನಾಲ್ಕೈದು ವಾರ ಬೇಕು. ಎರಡನೇ ವಾರಕ್ಕೇ ‘ಜನ ಬರಲಿಲ್ಲ’ ಎಂದು ನಿಲ್ಲಿಸಿದರೆ ಇಬ್ಬರಿಗೂ ನಷ್ಟ. ಎಂಟು ವಾರಕ್ಕೆ ಒಪ್ಪುವುದಾದರೆ ಬಿಡಿ ರಾತ್ರಿಯ ದರಕ್ಕಿಂತ 15-20 ಶೇಕಡಾ ಕಡಿಮೆ ಮಾಡಬಹುದು. ಪ್ರತಿ ವಾರ ಖಚಿತವಾಗಿ ಬರುವ ಆದಾಯಕ್ಕೆ ಆ ಬೆಲೆ ಕೊಡಬಹುದು.

ಮ್ಯಾನೇಜರ್‌ಗೆ ಬಿಡುವಿರುವ ಹೊತ್ತು ಮಧ್ಯಾಹ್ನ 3ರಿಂದ 5. 90 ಸೆಕೆಂಡಿನ ಒಂದು ವಿಡಿಯೊ ಸಾಕು: ಬ್ಯಾಲಡ್, ಸ್ವಿಂಗ್, ಬೋಸಾದ ತಲಾ ಅರ್ಧ ನಿಮಿಷ, ಒಂದೇ ಕೋನ, ಜನ ಊಟ ಮಾಡುತ್ತಿರುವುದು ಚೌಕಟ್ಟಿನಲ್ಲಿ ಕಾಣಬೇಕು. ಸಭಾಂಗಣದ ಕಛೇರಿಯ, ಹೊಗೆ ಮತ್ತು ಬೆಳಕಿನ ವಿಡಿಯೊ ಕಳಿಸಿದರೆ ಅವರು ಮೊದಲು ಯೋಚಿಸುವುದು ‘ಇವರು ಜೋರು’ ಎಂದೇ.

ಹಣ, ಬರಹದಲ್ಲಿ

ಮಾತು ಮುಗಿದ ಅರ್ಧ ಗಂಟೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆದು ಕಳಿಸಿ, ‘ಒಪ್ಪಿದೆ’ ಎಂಬ ಉತ್ತರ ಬರುವವರೆಗೆ ದಿನಾಂಕ ಕಾಯ್ದಿರಿಸಬೇಡಿ:

“ಬುಧವಾರ ರಾತ್ರಿ 7.15ರಿಂದ 10. ಮೂವರು ವಾದಕರು, 45 ನಿಮಿಷದ ಮೂರು ಸೆಟ್. ಶುಲ್ಕ ಇಷ್ಟು, ತೆರಿಗೆ ಕಡಿತಕ್ಕೆ ಮುಂಚೆ. ಅರ್ಧ ಮುಂಗಡ ಏಳು ದಿನ ಮೊದಲು, ಉಳಿದರ್ಧ ಅದೇ ರಾತ್ರಿ ಯುಪಿಐ ಅಥವಾ ಬ್ಯಾಂಕ್ ಮೂಲಕ. ಲೋಡ್-ಇನ್ (ವಾದ್ಯ ಒಳಗೆ ತರುವುದು) 5.30, ಸೌಂಡ್‌ಚೆಕ್ 6.15ಕ್ಕೆ ಮುಗಿಯುತ್ತದೆ. ಸ್ಪೀಕರ್, ಮಿಕ್ಸರ್, ಎರಡು ಮೈಕ್ ನಿಮ್ಮ ಕಡೆಯಿಂದ. ಮೂವರಿಗೆ ಊಟ, ಒಂದು ಕಾರಿಗೆ ಪಾರ್ಕಿಂಗ್. 72 ಗಂಟೆಯೊಳಗೆ ರದ್ದಾದರೆ ಮುಂಗಡ ವಾಪಸಿಲ್ಲ. ಲೋಡ್-ಇನ್ ಆದ ಮೇಲೆ ಪರವಾನಗಿ, ಪೊಲೀಸ್ ಅಥವಾ ಕರೆಂಟ್ ಕಾರಣಕ್ಕೆ ನಿಂತರೆ ಪೂರ್ತಿ ಶುಲ್ಕ.”

ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಬೆಂಗಳೂರಿನಲ್ಲಿ ಲೈವ್ ಸಂಗೀತಕ್ಕೆ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣ ಆದೇಶ, 2005ರ ಅಡಿ ಪೊಲೀಸ್ ಪರವಾನಗಿ ಬೇಕು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ಎತ್ತಿಹಿಡಿದ ಮೇಲೆ ಅದೇ ವರ್ಷ ನಗರದ ಅನೇಕ ಜಾಗಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಅಂದು ಕೆಲಸ ಕಳೆದುಕೊಂಡವರಲ್ಲಿ ಆ ಆದೇಶದ ಹೆಸರನ್ನೂ ಕೇಳಿರದ ವಾದಕರು ಬಹಳ. ಇದರ ಜೊತೆ 2000ದ ಶಬ್ದಮಾಲಿನ್ಯ ನಿಯಮಗಳು: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್; ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಟೆರೇಸ್ ಗಿಗ್ ಆದರೆ ಕೊನೆಯ ಸೆಟ್ 9.50ಕ್ಕೆ ಮುಗಿಯುವಂತೆ ಹೊಂದಿಸಿ. ‘ಲೈಸೆನ್ಸ್ ಇದೆಯಾ’ ಎಂದು ಕೇಳಲು ಮುಜುಗರ ಬೇಡ. ಇದ್ದವರು ತಕ್ಷಣ ಹೌದು ಎನ್ನುತ್ತಾರೆ.

ಇನ್ನು ಹಂಚಿಕೆ. ಲೆಕ್ಕ ತೋರಿಸಲು ಮಾತ್ರ 24,000 ರೂ. ಶುಲ್ಕ ಎಂದಿಟ್ಟುಕೊಳ್ಳಿ, ಇದು ಮಾರುಕಟ್ಟೆ ದರವಲ್ಲ. ಜಾಗದವರು 10 ಶೇಕಡಾ ಟಿಡಿಎಸ್ ಕಡಿದರೆ ಕೈಗೆ ಬರುವುದು 21,600. ಸಾಗಣೆ 1,800 ತೆಗೆದರೆ 19,800. ಇಬ್ಬರು ವಾದಕರಿಗೆ ತಲಾ 6,500 ಎಂದರೆ 13,000, ತಂಡ ನಡೆಸುವವರಿಗೆ 6,800. ಆದರೆ ಕಡಿದ 2,400 ಅವರ ಪ್ಯಾನ್‌ಗೆ ಜಮೆಯಾಗಿರುತ್ತದೆ, ಅವರ ತೆರಿಗೆಗೆ ಹೊಂದಾಣಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ಅಂದರೆ ನಿಜದಲ್ಲಿ ಅವರ ಪಾಲು 9,200. ಇದನ್ನು ತಂಡಕ್ಕೆ ಬಾಯಿಬಿಟ್ಟು ಹೇಳಿ. ಬುಕಿಂಗ್, ಚಾರ್ಟ್, ಫೋನ್ ಕೆಲಸಕ್ಕೆ ಹೆಚ್ಚು ಪಾಲು ನ್ಯಾಯವೇ, ಮುಚ್ಚಿಟ್ಟರೆ ಮಾತ್ರ ನಂಬಿಕೆ ಕೆಡುತ್ತದೆ.

ಇದರ ಇನ್ನೊಂದು ಮುಖವನ್ನು ಬಹಳ ಜನ ಗಮನಿಸುವುದಿಲ್ಲ. ತೆರಿಗೆ ದಾಖಲೆಯಲ್ಲಿ ಪೂರ್ತಿ 24,000 ತಂಡ ನಡೆಸುವವರ ಆದಾಯವಾಗಿ ಕಾಣುತ್ತದೆ. ಉಳಿದ ಇಬ್ಬರಿಗೆ ನಗದು ಕೊಟ್ಟರೆ ಅದು ಖರ್ಚು ಎಂದು ತೋರಿಸಲು ಪುರಾವೆ ಇರುವುದಿಲ್ಲ, ವರ್ಷದ ಕೊನೆಗೆ ಬೇರೆಯವರ ದುಡಿಮೆಗೂ ತೆರಿಗೆ ಕಟ್ಟಬೇಕಾಗುತ್ತದೆ. ಎಲ್ಲ ಪಾವತಿಯನ್ನೂ ಬ್ಯಾಂಕ್ ಮೂಲಕವೇ ಮಾಡಿ, ದಿನಾಂಕ ಮತ್ತು ಜಾಗದ ಹೆಸರನ್ನು ಷರಾದಲ್ಲಿ ಬರೆಯಿರಿ. ಮೂರು ತಿಂಗಳಿಗೊಮ್ಮೆ ತೆರಿಗೆ ಪೋರ್ಟಲ್‌ಗೆ ಹೋಗಿ ಕಡಿದ ಟಿಡಿಎಸ್ ನಿಜಕ್ಕೂ ಜಮೆಯಾಗಿದೆಯೇ ನೋಡಿ. ಕಡಿದು ಕಟ್ಟದೇ ಇರುವ ಜಾಗಗಳಿವೆ, ಆರು ತಿಂಗಳ ಮೇಲೆ ಅಲ್ಲಿ ಅಕೌಂಟೆಂಟ್ ಬದಲಾಗಿರುತ್ತಾರೆ. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದಾಗ ಬೇಕಾಗುತ್ತದೆ. ಜಾನಪದ, ಶಾಸ್ತ್ರೀಯ ಕಲಾವಿದರಿಗೆ 1.5 ಲಕ್ಷದವರೆಗಿನ ಸಂಭಾವನೆಗೆ ಇರುವ ವಿನಾಯಿತಿ ಜಾಝ್‌ಗೂ ಸಿಗುತ್ತದೆಂದು ನೀವೇ ತೀರ್ಮಾನಿಸಬೇಡಿ, ಲೆಕ್ಕಪರಿಶೋಧಕರನ್ನು ಕೇಳಿ.

ಶುಲ್ಕದ ಬದಲು ಬಾಗಿಲ ಹಣದಲ್ಲಿ, ಅಂದರೆ ಪ್ರವೇಶಕ್ಕೆ ವಸೂಲಾಗುವ ಕವರ್ ಚಾರ್ಜ್‌ನಲ್ಲಿ, ಪಾಲು ಕೊಡುತ್ತೇವೆ ಎಂದರೆ ಕನಿಷ್ಠ ಖಾತರಿ ಇಲ್ಲದೆ ಒಪ್ಪಬೇಡಿ. ಖಾತರಿ ಮೊತ್ತ ಮೂವರ ಸಾಗಣೆ ಮತ್ತು ಸಬ್ ದರವನ್ನಾದರೂ ಮುಟ್ಟಬೇಕು. ಕವರ್ ಚಾರ್ಜ್ ಅನ್ನು ಬಿಲ್‌ನಲ್ಲಿ ವಜಾ ಮಾಡುತ್ತಾರೆಯೇ ಎಂದೂ ಕೇಳಿ. ಮಾಡುವುದಾದರೆ ‘70 ಶೇಕಡಾ ನಿಮಗೆ’ ಎಂಬ ಮಾತಿಗೆ ಅರ್ಥವೇ ಇಲ್ಲ, ಬಾಗಿಲಲ್ಲಿ ಉಳಿಯುವ ಹಣವೇ ಇರುವುದಿಲ್ಲ.

ಪಂಚಾಂಗ ನೋಡಿ ಬುಕಿಂಗ್

ಆಷಾಢದಲ್ಲಿ ಮದುವೆ ಇಲ್ಲ. ಹೆಚ್ಚಾಗಿ ಜೂನ್ ಕೊನೆಯಿಂದ ಜುಲೈ ಉದ್ದಕ್ಕೂ ಆರತಕ್ಷತೆಯ ಕೆಲಸ ನಿಲ್ಲುತ್ತದೆ, ಅದೇ ಹೊತ್ತಿಗೆ ಮಳೆಯಿಂದ ಟೆರೇಸ್ ಗಿಗ್‌ಗಳೂ ಇರುವುದಿಲ್ಲ. ಪಿತೃಪಕ್ಷದ ಹದಿನೈದು ದಿನವೂ ಹಾಗೆಯೇ. ಧನುರ್ಮಾಸದಲ್ಲಿ ಮದುವೆ ಕಡಿಮೆಯಾದರೂ ಕ್ರಿಸ್ಮಸ್, ಹೊಸ ವರ್ಷದ ಕಂಪನಿ ಪಾರ್ಟಿಗಳು ಆ ಜಾಗ ತುಂಬುತ್ತವೆ. ಮದ್ಯ ಮಾರಾಟವಿಲ್ಲದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಕೆಂಪಾಗಿ ಗುರುತಿಸಿ: ಗಾಂಧಿ ಜಯಂತಿ, ಚುನಾವಣೆಯಲ್ಲಿ ಮತದಾನ ಮುಗಿಯುವ ಮುಂಚಿನ 48 ಗಂಟೆ, ಎಣಿಕೆಯ ದಿನ. ಆ ದಿನ ಪಬ್ ಗಿಗ್ ಒಪ್ಪಿಕೊಂಡರೆ ಹಿಂದಿನ ಸಂಜೆ ರದ್ದಾಗುತ್ತದೆ. ಏಪ್ರಿಲ್ 30, ಯುನೆಸ್ಕೊ 2011ರಲ್ಲಿ ಘೋಷಿಸಿದ ಅಂತರರಾಷ್ಟ್ರೀಯ ಜಾಝ್ ದಿನ. ಆ ವಾರ ಸಾಂಸ್ಕೃತಿಕ ಕೇಂದ್ರಗಳು ಜಾಝ್ ಹುಡುಕುತ್ತವೆ, ಜನವರಿಯಲ್ಲೇ ಪ್ರಸ್ತಾಪ ಕಳಿಸಿ.

ಆಷಾಢದ ಖಾಲಿ ತಿಂಗಳನ್ನು ಪಾಠ ತುಂಬಿಸುತ್ತದೆ. ನಗರದಲ್ಲಿ ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿಗಳು ಹೆಚ್ಚಾಗಿ ಟ್ರಿನಿಟಿ, ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗಳ ಸುತ್ತ ಕಲಿಯುತ್ತಾರೆ. ಗ್ರೇಡ್ ಮುಗಿಸಿದ ಮಕ್ಕಳಿಗೆ ಕಾರ್ಡ್ ಚಿಹ್ನೆ ನೋಡಿ ನುಡಿಸಲು, ಎರಡು ಮತ್ತು ನಾಲ್ಕನೇ ಮಾತ್ರೆಗೆ ಮೆಟ್ರೊನೋಮ್ ಇಟ್ಟು ಅಭ್ಯಾಸ ಮಾಡಲು ಬರುವುದಿಲ್ಲ. ಅದೊಂದನ್ನೇ ಕಲಿಸುವ ಹತ್ತು ವಾರದ ಗುಂಪು ಪಾಠಕ್ಕೆ ಜನ ಸಿಗುತ್ತಾರೆ.

ಜ್ಯಾಮ್ ನಡೆಸುವುದು

ಹೊಸಬರು ಬರುವುದು, ಸಬ್‌ಗಳು ಸಿಗುವುದು, ತಂಡಗಳು ಹುಟ್ಟುವುದು ಎಲ್ಲ ಜ್ಯಾಮ್‌ನಲ್ಲೇ, ಅಂದರೆ ಯಾರು ಬೇಕಾದರೂ ಬಂದು ಸೇರಿ ನುಡಿಸುವ ಕೂಟದಲ್ಲೇ. ಊರಿನ ಜಾಝ್ ಬದುಕಿರಬೇಕಾದರೆ ತಿಂಗಳಿಗೆ ಎರಡು ಜ್ಯಾಮ್ ನಿಲ್ಲದೆ ನಡೆಯಬೇಕು, ಅದನ್ನು ನಡೆಸುವ ಟ್ರಯೋಗೆ ಸಂಬಳ ಸಿಗಬೇಕು. ಬಿಟ್ಟಿ ಜ್ಯಾಮ್ ಆರು ತಿಂಗಳು ದಾಟುವುದು ಅಪರೂಪ. ಮೊದಲ 40 ನಿಮಿಷ ಜ್ಯಾಮ್ ನಡೆಸುವ ತಂಡವೇ ನುಡಿಸಲಿ. ಬಂದವರು ಹೆಸರು, ವಾದ್ಯ, ಎರಡು ಹಾಡು, ಅವುಗಳ ಕೀ ಬರೆದುಕೊಡಲಿ. ವೇದಿಕೆಯಲ್ಲಿ ಐದಕ್ಕಿಂತ ಹೆಚ್ಚು ಜನ ಬೇಡ, ಒಬ್ಬರಿಗೆ ಎರಡೇ ಸುತ್ತು ಸೋಲೊ. ನಾಲ್ಕು ಗಿಟಾರ್ ಒಟ್ಟಿಗೆ ಏರಿದರೆ ಎಲ್ಲರೂ ಕಾರ್ಡ್ ಹಿಡಿಯುತ್ತಾರೆ, ಸ್ವರಗಳು ಕೆಸರಾಗುತ್ತವೆ. ಒಬ್ಬರಷ್ಟೇ ಕಾಂಪ್ ಮಾಡಲಿ, ಅಂದರೆ ಸೋಲೊಗೆ ಕಾರ್ಡ್‌ಗಳ ಆಸರೆ ಕೊಡಲಿ. ಡ್ರಮ್ಮರ್‌ಗಳನ್ನು ಪ್ರತಿ ಎರಡು ಹಾಡಿಗೊಮ್ಮೆ ಬದಲಿಸಿ. ಮೊದಲ ಬಾರಿ ಬಂದವರನ್ನು ರಾತ್ರಿ ಕೊನೆಗೆ ದೂಡಬೇಡಿ. ಮೆಟ್ರೊದ ಕೊನೆಯ ರೈಲು 11ರ ಆಸುಪಾಸು, ದೂರದ ಬಡಾವಣೆಯ ವಿದ್ಯಾರ್ಥಿ ಒಂದೂ ಹಾಡು ನುಡಿಸದೆ ಹೊರಟರೆ ಮತ್ತೆ ಬರುವುದಿಲ್ಲ.

ಈ ಊರಿನ ಡ್ರಮ್ಮರ್‌ಗಳಿಗೆ ಬೇರೆಡೆ ಸುಲಭವಾಗಿ ಸಿಗದ ಒಂದು ಆಸ್ತಿ ಇದೆ, ಕೊನ್ನಕ್ಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕರ್ನಾಟಕ ಸಂಗೀತದ ಕಲೆ. 1964ರಲ್ಲಿ ಮೃದಂಗ ವಾದಕ ಟಿ.ಎ.ಎಸ್. ಮಣಿ ಇಲ್ಲೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಗಾಯಕಿ ಆರ್.ಎ. ರಮಾಮಣಿ ಮತ್ತು ಆ ಕಾಲೇಜಿನ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ಧ್ವನಿಮುದ್ರಣವನ್ನು 1983ರಲ್ಲಿ ಜರ್ಮನಿಯ ಧ್ವನಿಮುದ್ರಣ ಸಂಸ್ಥೆ ಇಸಿಎಂ ಹೊರತಂದಿತು. ತಿಶ್ರ, ಖಂಡ, ಮಿಶ್ರ ಗತಿಗಳನ್ನು ಬಾಯಲ್ಲಿ ಹೇಳಿಕೊಂಡು ನಾಲ್ಕು ಬಾರ್ ಹಂಚಿಕೆಯಲ್ಲಿ ಕೂರಿಸಲು ಕಲಿತ ಡ್ರಮ್ಮರ್ ಫಾರ್ಮ್ (ಹಾಡಿನ ಸುತ್ತಿನ ಲೆಕ್ಕ) ತಪ್ಪುವುದು ಅಪರೂಪ. ಸ್ವಂತ ರಚನೆ ಬರೆಯುವವರಿಗೂ ಇದು ಹತ್ತಿರದ ದಾರಿ.

ನಿಮ್ಮದೇ ಕೋಣೆ, ನಿಮ್ಮದೇ ರಚನೆ

ರೆಸ್ಟೋರೆಂಟ್ ಗಿಗ್‌ಗಳ ನಡುವೆ ಎರಡು ತಿಂಗಳಿಗೊಮ್ಮೆ ಮನೆಯ ಹಾಲ್, ಸ್ಟುಡಿಯೊ ಅಥವಾ ಪುಸ್ತಕದಂಗಡಿಯಲ್ಲಿ ಕೂತು ಕೇಳುವ ಕಛೇರಿ ಮಾಡಿ. ಆರೂವರೆ ನಿಮಿಷದ ಹಾಡು ಅಲ್ಲಿ ಹನ್ನೆರಡಾಗಬಹುದು. 30 ಕುರ್ಚಿ, 400 ರೂ. ಟಿಕೆಟ್ ಎಂದರೆ 12,000. ಸಂಗೀತ ಕಛೇರಿಯ ಪ್ರವೇಶ ತಲಾ 500 ರೂ. ಒಳಗಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ, ಆದ್ದರಿಂದ ಟಿಕೆಟನ್ನು 500ರ ಒಳಗೇ ಇಡುವುದು ಜಾಣತನ. ಸಂಜೆ 6.30ಕ್ಕೆ ಶುರುಮಾಡಿ 8.45ಕ್ಕೆ ಮುಗಿಸಿ. ಪಿಎ (ಧ್ವನಿವರ್ಧಕ ವ್ಯವಸ್ಥೆ) ಬೇಡ, ಬೇಸ್‌ಗೆ ಮಾತ್ರ ಚಿಕ್ಕ ಆ್ಯಂಪ್, ಡ್ರಮ್ಸ್‌ಗೆ ಬ್ರಷ್. ಅಪಾರ್ಟ್‌ಮೆಂಟ್ ಆದರೆ ಮೇಲಿನ, ಕೆಳಗಿನ, ಪಕ್ಕದ ಮನೆಯವರಿಗೆ ಪುಕ್ಕಟೆ ಟಿಕೆಟ್ ಕೊಡಿ. ದೂರು ಬರುವುದು ಆಹ್ವಾನ ಸಿಗದ ಮನೆಯಿಂದ.

ಹಕ್ಕುಗಳ ವಿಚಾರ ಚುಟುಕಾಗಿ. ಬೇರೆಯವರ ಹಾಡನ್ನು ಲೈವ್ ಆಗಿ ನುಡಿಸಲು ಪರವಾನಗಿ ರಚನಕಾರರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯಿಂದ, ಅದು ಕಾರ್ಯಕ್ರಮ ನಡೆಸುವವರ ಜವಾಬ್ದಾರಿ. ವಿರಾಮದಲ್ಲಿ ಹಾಕುವ ರೆಕಾರ್ಡಿಂಗ್‌ಗೆ ಪಿಪಿಎಲ್‌ನಂಥ ಸಂಸ್ಥೆಯ ಪರವಾನಗಿ ಬೇರೆ. ಭಾರತದಲ್ಲಿ ರಚನೆಯ ಹಕ್ಕು ರಚನಕಾರರ ಮರಣಾನಂತರ 60 ವರ್ಷ ಇರುತ್ತದೆ, ಹಾಗಾಗಿ ನೀವು ನುಡಿಸುವ ಸ್ಯಾಂಡರ್ಡ್‌ಗಳಲ್ಲಿ (ಎಲ್ಲ ಜಾಝ್ ವಾದಕರೂ ನುಡಿಸುವ ಪ್ರಸಿದ್ಧ ಹಾಡುಗಳಲ್ಲಿ) ಬಹಳಷ್ಟು ಇನ್ನೂ ಹಕ್ಕಿನ ಒಳಗೇ ಇವೆ. ನಿಮ್ಮ ಸ್ವಂತ ರಚನೆಗಳಿದ್ದರೆ ರಚನಕಾರರಾಗಿ ಐಪಿಆರ್‌ಎಸ್ ಸದಸ್ಯತ್ವ ಪಡೆದು ಪ್ರತಿಯೊಂದನ್ನೂ ನೋಂದಾಯಿಸಿ. ಇಬ್ಬರು ಸೇರಿ ಬರೆದಿದ್ದರೆ ಪಾಲು ಎಷ್ಟೆಷ್ಟು ಎಂದು ನೋಂದಣಿಗೆ ಮುಂಚೆಯೇ ಬರೆದುಕೊಳ್ಳಿ. ಟಿಕೆಟ್ ಕಛೇರಿ ಮುಗಿದ ರಾತ್ರಿಯೇ ಸೆಟ್‌ಲಿಸ್ಟ್, ದಿನಾಂಕ, ಜಾಗದ ಹೆಸರು ಬರೆದು ಆಯೋಜಕರಿಗೂ ಒಂದು ಪ್ರತಿ ಕಳಿಸಿ. ಯಾವ ರಚನೆ ಎಲ್ಲಿ ನುಡಿಸಲಾಯಿತು ಎಂಬ ದಾಖಲೆ ಇಲ್ಲದಿದ್ದರೆ ರಾಯಧನ ಕೇಳಲು ಆಧಾರವೇ ಇರುವುದಿಲ್ಲ.